ದೊಡ್ಡಪತ್ರೆ ಮೇಯ್ದ ಕೆಂಪಮ್ಮನವರಿಗೆ ಒಂದು ಬಿನ್ನಹ

ಜಯನಗರದ ಬೀದಿಗಳಲ್ಲಿ ನಿರಾತಂಕವಾಗಿ ಸಂಚರಿಸುವ, ಮಾರೇನಹಳ್ಳಿಯ ತಿಮ್ಮಕ್ಕನವರ ಕೊಟ್ಟಿಗೆಗೆ ಭೂಷಣಪ್ರಾಯರಾದ, ಕೆಂಪು ಮೈಯ, ಬಿಳಿ ಹಣೆಯ ಹಸು ಕೆಂಪಮ್ಮನವರ ಸನ್ನಿಧಾನಕ್ಕೆ, ನಾಲ್ಕನೇ ಬ್ಲಾಕಿನ ಹಿಂದಿನ ಅಡ್ಡರಸ್ತೆಯ ನಿವಾಸಿ ವೆಂಕಟಾಚಲ ಮಾಡಿಕೊಳ್ಳುವ ವಿಜ್ಞಾಪನೆ.

ಮಾನ್ಯರೇ,

ತಾವೂ ತಮ್ಮ ಕರುವೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ಹೊಟ್ಟೆಯ ಕ್ಷೇಮವನ್ನು ಬೇರೆಯಾಗಿ ವಿಚಾರಿಸುವ ಅಗತ್ಯವಿಲ್ಲ. ಅದು ನನಗೆ ಎಲೆ ಎಲೆಯಾಗಿ ಗೊತ್ತು.

ತಾವು ನಮ್ಮ ಕೈತೋಟದಲ್ಲಿ ಭೋಜನ ಮಾಡಿದ ಕಥೆಯನ್ನು ಲೋಕಕ್ಕೆ ಮೊದಲು ಹೇಳಿದವರು ತಮ್ಮ ಒಡತಿ ತಿಮ್ಮಕ್ಕನವರೇ. ಈ ಎಪ್ಪತ್ತೆಂಟನೇ ಇಸವಿಯ ಕಾರ್ತಿಕ ಮಾಸದಲ್ಲಿ, ಕಳೆದ ಭಾನುವಾರ ಬೆಳಿಗ್ಗೆ, ಹಾಲಿನ ಚೊಂಬು ಹಿಡಿದು ನಮ್ಮ ಗೇಟಿನ ಮುಂದೆ ನಿಂತು ಹೇಳಿದರು. "ಸಾಮಿ, ಒಸಿ ಹೊರಗ್ ಬರ್ತೀರಾ? ನಮ್ ಕೆಂಪಿ ನಿಮ್ ತೋಟದಾಗೇ ಊಟ ಮುಗಿಸ್ಬಿಟ್ಟವ್ಳೆ." ಆ ಮಾತಿನಲ್ಲಿ ತಪ್ಪಿನ ಸುಳಿವು ಇರಲಿಲ್ಲ, ಮನೆಗೆ ಬಂದ ಬೀಗರು ಎಲೆ ಬಳಿದು ತೃಪ್ತಿಯಿಂದ ಎದ್ದರೆಂಬ ಸಂತೋಷವಿತ್ತು.

ತಾವು ಕುಳಿತುಣ್ಣದೆ ನಿಂತೇ ಉಂಡದ್ದರಿಂದ ಭೋಜನಶಾಲೆಯ ಪರಿಚಯ ಸರಿಯಾಗಿ ಆಗಿರಲಾರದು. ಗೇಟಿಗೂ ಜಗಲಿಗೂ ನಡುವೆ ಇರುವ ಅಷ್ಟಗಲ ನೆಲವೇ ನನ್ನ ಜಮೀನು. ಮಾಗಡಿ ಕಡೆಯ ಹೊಲದಲ್ಲಿ ಬೆಳೆದ ನಾನು, ಈ ಊರಿಗೆ ಬಂದು ನಿವೃತ್ತನಾದ ಮೇಲೆ, ನನ್ನದೆಂದು ಕೈ ಮಣ್ಣು ಮಾಡಿಕೊಂಡ ಜಾಗ ಅದೊಂದೇ. ಅಲ್ಲಿ ದೊಡ್ಡಪತ್ರೆ ಪೊದೆಗಟ್ಟಿತ್ತು. ನಲ್ಲಿ ತೊಟ್ಟಿಕ್ಕುವ ಕಡೆ ಒಂದೆಲಗ ಹಬ್ಬಿತ್ತು. ತೂತುಬಿದ್ದ ಬಕೆಟ್ಟಿನಲ್ಲಿ ಪುದೀನ, ಗೋಡೆಯ ಮಗ್ಗುಲಲ್ಲಿ ಮೊಣಕಾಲೆತ್ತರದ ಕರಿಬೇವು. ದೊಡ್ಡಪತ್ರೆಯನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಮೆಣಸು, ಕಾಯಿತುರಿ ಸೇರಿಸಿ ಒರಳಿನಲ್ಲಿ ರುಬ್ಬಿ, ಮಜ್ಜಿಗೆಗೆ ಕಲಸಿ ಒಗ್ಗರಣೆ ಕೊಟ್ಟರೆ ಆಗುವ ತಂಬುಳಿಯ ರುಚಿಯನ್ನು ತಮಗೆ ಹೇಗೆ ವಿವರಿಸಲಿ? ತಾವು ರುಬ್ಬುವ ಕೆಲಸವನ್ನು ಬಾಯಲ್ಲೇ ಮುಗಿಸುವವರು.

ಆ ನೆಲದ ಮೇಲೆ ನನ್ನ ಮಗ ಗೌರೀಶಂಕರನ ಕಣ್ಣಿತ್ತು. ಅವನು ಸ್ಕೂಟರಿಗೆ ಹೆಸರು ಬರೆಸಿದಾಗ ಅವನಿಗೆ ಮದುವೆಯಾಗಿರಲಿಲ್ಲ. ಈಗ ಅವನ ಮಗಳು ಶಾಲೆಗೆ ಹೋಗುತ್ತಾಳೆ, ಸ್ಕೂಟರು ಮಾತ್ರ ಇನ್ನೂ ಹುಟ್ಟಿಲ್ಲ. ಹುಟ್ಟದ ಕೂಸಿಗೆ ತೊಟ್ಟಿಲು ಕಟ್ಟಿಸುವ ಹುರುಪಿನಲ್ಲಿ ಅವನು ಯಾರ್ಯಾರನ್ನೋ ಹಿಡಿದು ಪರ್ಮಿಟ್ ಸಿಮೆಂಟು ತಂದು ಜಗಲಿಯಲ್ಲಿ ಪೇರಿಸಿದ. "ಗಾಡಿ ಬರೋದ್ರೊಳಗೆ ನೆಲ ಗಟ್ಟಿಯಾಗಿರ್ಬೇಕಲ್ಲಪ್ಪ. ನಿಮ್ ಸೊಪ್ಪು ಮಾರ್ಕೆಟ್ಟಲ್ಲೂ ಸಿಗತ್ತೆ" ಎಂದ. ಕೊನೆಗೆ ನನ್ನ ಹೆಂಡತಿ ಸತ್ಯಭಾಮಾ ಒಂದು ರಾಜಿ ಮಾಡಿಸಿದಳು. ಭಾನುವಾರದ ಊಟದಲ್ಲಿ ಈ ತೋಟ ಉಂಡವರ ನಾಲಿಗೆಗೆ ಗೊತ್ತಾಗಬೇಕು. ಗೊತ್ತಾದರೆ ನೆಲ ನನ್ನದು, ಇಲ್ಲದಿದ್ದರೆ ಸೋಮವಾರ ಗಾರೆ ಕೆಲಸ. ತೀರ್ಪು ಹೇಳಲು ಪಕ್ಕದ ಮನೆಯ ಚೂಡಾಮಣಿ ಮೇಡಂ. ಅವರು ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಉಪ್ಪು ಹೆಚ್ಚಾದರೂ ಕಾಗುಣಿತ ತಪ್ಪಿದರೂ ಒಂದೇ ದನಿಯಲ್ಲಿ ಗದರುವವರು.

ಆ ಭಾನುವಾರವೇ, ಬೆಳಕು ಹರಿಯುವ ಮುನ್ನವೇ, ತಾವು ದಯಮಾಡಿಸಿದಿರಿ.

ತಮ್ಮನ್ನು ದೂರುವ ಮೊದಲು ನ್ಯಾಯವಾದ ಒಂದು ಮಾತು ಹೇಳಬೇಕು. ನಮ್ಮ ಹಳ್ಳಿಯ ಯಾವ ಹಸುವೂ ದೊಡ್ಡಪತ್ರೆಗೆ ಬಾಯಿ ಹಾಕಿದ್ದನ್ನು ನಾನು ಕಂಡಿಲ್ಲ. ಆ ಘಾಟಿಗೇ ಮೂತಿ ತಿರುಗಿಸುತ್ತವೆ. ಆದರೆ ತಾವು ಮೈದಾ ಅಂಟಿನ ಸಮೇತ ಸಿನಿಮಾ ಪೋಸ್ಟರುಗಳನ್ನು ಗೋಡೆಯಿಂದ ಸುಲಿದು ತಿಂದು ಬೆಳೆದ ಪೇಟೆಯ ಹೆಂಗಸು, ತಮ್ಮ ನಾಲಿಗೆ ಉದಾರವಾದದ್ದು. ಜೊತೆಗೆ, ಹೊಸ ಬೆಳೆಯ ಮೊದಲ ತುತ್ತು ಗೋವಿಗೆ ಸಲ್ಲಬೇಕೆಂಬುದು ನಮ್ಮ ಮನೆಯ ಪದ್ಧತಿ. ಹಾಗಾಗಿ ದೊಡ್ಡಪತ್ರೆಯ ಮೊದಲ ಕುಡಿಯನ್ನು ಸತ್ಯಭಾಮಾ ತಮ್ಮ ಹಣೆಗೆ ಕುಂಕುಮವಿಟ್ಟು, ಬೆಲ್ಲದ ಚೂರಿನ ಜೊತೆ, ತಮ್ಮ ಬಾಯಿಗೇ ಕೊಟ್ಟಿದ್ದಳು. ಮಿಕ್ಕವರು ಅದನ್ನು ನೈವೇದ್ಯವೆಂದು ತಿಳಿದರು. ತಾವು ಅದನ್ನು ಮಾದರಿಯೆಂದು ತಿಳಿದಿರಿ. ಇನ್ನು ಗೇಟಿನ ಮಾತು: ಹಾಲಿಗೆ ನೀರು ಬೀಳಬಾರದೆಂದು ತಮ್ಮನ್ನು ನಮ್ಮ ಕಣ್ಣೆದುರೇ, ಆ ಗೇಟಿನ ಕಂಬಕ್ಕೇ ಕಟ್ಟಿ ಕರೆಯಬೇಕೆಂದು ಹಟ ಹಿಡಿದವರೂ ನಾವೇ. ದಿನಾ ನೋಡಿ ನೋಡಿ ಚಿಲಕ ತೆಗೆಯುವ ವಿದ್ಯೆಯನ್ನು ಮೂತಿಯಲ್ಲೇ ಕಲಿತ ತಮ್ಮ ಬುದ್ಧಿಯನ್ನು, ಎಸೆಸೆಲ್ಸಿಯನ್ನು ಮೂರು ಸಲ ಕಟ್ಟಿದವರ ತಂದೆಯಾದ ನಾನು ಮೆಚ್ಚದೆ ಇರಲಾರೆ.

ತೋಟದಲ್ಲಿ ಉಳಿದದ್ದು ಮೋಟು ದಂಟು ಮತ್ತು ತಾವು ಕಾಣಿಕೆಯಾಗಿ ಬಿಟ್ಟುಹೋದ ಸಗಣಿ. ಗೌರೀಶಂಕರ ಅದನ್ನು ನೋಡಿ ಗಾರೆಯ ಕರಣೆ ತೊಳೆಯತೊಡಗಿದ. ಸತ್ಯಭಾಮಾ ಬೇರೇನೂ ತೋಚದೆ, ತಿಮ್ಮಕ್ಕ ಆಗ ತಾನೇ ಕರೆದುಕೊಟ್ಟ ಹಾಲಿನಲ್ಲಿ ಶಾವಿಗೆ ಪಾಯಸಕ್ಕಿಟ್ಟಳು. ಹಾಲು ಕಾದಂತೆ ಮನೆಯೆಲ್ಲ ಒಂದು ವಾಸನೆ ತುಂಬಿತು. ಎಳೆ ಮಕ್ಕಳ ಶೀತಕ್ಕೆ ದೊಡ್ಡಪತ್ರೆಯನ್ನು ಕೆಂಡದ ಮೇಲೆ ಬಾಡಿಸಿದಾಗ ಬರುತ್ತದಲ್ಲ, ಅದೇ.

ಮಧ್ಯಾಹ್ನ ಚೂಡಾಮಣಿ ಮೇಡಂ ಕಾರ್ತಿಕದ ಕೆಮ್ಮನ್ನೂ ಶಾಲನ್ನೂ ಹೊದ್ದು ಬಂದು ಕುಳಿತರು. ಸಾರನ್ನ ಸಪ್ಪಗೆ ಮುಗಿಯಿತು. ಪಾಯಸದ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಇದೇನು ಭಾಮಾ, ಪಾಯಸಕ್ಕೂ ದೊಡ್ಡಪತ್ರೆ ಹಾಕಿದೀರಾ?" ಎಂದರು. ಆಮೇಲೆ ಕಾಫಿ ಕುಡಿದರು. "ಕಾಫಿಗೂ?" ಎಂದರು. ಗೌರೀಶಂಕರ, "ಮೇಡಂ, ಇದು ಮೋಸ. ಹಾಲು ಹಸೂದು, ತೋಟದ್ದಲ್ಲ" ಎಂದು ತಕರಾರೆತ್ತಿದ. "ಹಸು ತಿಂದಿದ್ದು ಯಾರ ತೋಟಾನೋ? ನಾಲಿಗೆಗೆ ಗೊತ್ತಾಗ್ಬೇಕು ಅಂತ ತಾನೇ ಮಾತು? ಹಲ್ಲುಜ್ಜಿದ್ರೂ ಹೋಗಲ್ಲ ಕಣೋ ಇದು" ಎಂದು ಅವರು ನೆಲವನ್ನು ನನಗೆ ಬರೆದುಕೊಟ್ಟರು. ಆ ಮಧ್ಯಾಹ್ನವೆಲ್ಲ ಅವರು ಕೆಮ್ಮಲಿಲ್ಲ.

ಹೀಗೆ ನನ್ನ ತೋಟವನ್ನು ನುಂಗಿದವರೂ ತಾವೇ, ನನ್ನ ಪರವಾಗಿ ವಾದಿಸಿ ಗೆದ್ದ ವಕೀಲರೂ ತಾವೇ. ಬೇರೆ ವಕೀಲರು ಗೆದ್ದ ಮೇಲೆ ಆಸ್ತಿಯನ್ನು ತಿನ್ನುತ್ತಾರೆ. ತಾವು ಮುಂಚಿತವಾಗಿಯೇ ತಿಂದು ಕಕ್ಷಿದಾರನಿಗೆ ಕಾಯುವ ಕಷ್ಟ ತಪ್ಪಿಸಿದಿರಿ.

ಇನ್ನು ನನ್ನ ಕೋರಿಕೆಗಳು. ಎದುರಿನ ಖಾಲಿ ಸೈಟಿನಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದು ಬೀದಿಯನ್ನೆಲ್ಲ ಸೀನಿಸುತ್ತಿದೆ. ತಮ್ಮ ಉದಾರವಾದ ನಾಲಿಗೆ ಒಮ್ಮೆ ಅತ್ತ ಹರಿಯಬಾರದೇಕೆ? ಅದು ಒಗ್ಗದಿದ್ದರೆ, ನಮ್ಮ ದೊಡ್ಡಪತ್ರೆ ಚಿಗುರುವಾಗ ಗಿಡಕ್ಕೆರಡು ಎಲೆಯನ್ನಾದರೂ ನಮಗೆ ಬಿಡುವುದು. ಪುದೀನವನ್ನು ತಿಂದರೂ ಬಕೆಟ್ಟನ್ನು ಉಳಿಸುವುದು. ಕರಿಬೇವಿನ ವಿಷಯದಲ್ಲಿ, ಅದು ತಮ್ಮಷ್ಟೆತ್ತರ ಬೆಳೆಯುವವರೆಗೆ, ಅದನ್ನು ತಮ್ಮ ಸ್ವಂತ ಕರುವೆಂದು ಭಾವಿಸುವುದು. ಚಟ್ನಿಗೆ ತಮ್ಮನ್ನು ಆಹ್ವಾನಿಸಲು ನಾವು ಸದಾ ಸಿದ್ಧರು, ರುಬ್ಬಿದ ಮೇಲೆ.

ಇಂತಿ,
ತಮ್ಮ ಹಾಲನ್ನೂ ತಮ್ಮ ಹಸಿವನ್ನೂ ಬಲ್ಲ,
ತಮ್ಮ ವಿಶ್ವಾಸಿ,
ವೆಂಕಟಾಚಲ

ತಾ.ಕ.: ತಮಗೆ ಓದು ಬಾರದೆಂದು, ನಿನ್ನೆ ಸಂಜೆ ಹಾಲಿಗೆ ಬಂದ ನೆರೆಹೊರೆಯವರ ಎದುರು ಈ ಪತ್ರವನ್ನು ತಮಗೆ ಗಟ್ಟಿಯಾಗಿ ಓದಿ ಹೇಳಿದೆ. ತಮಗೆ ನಾಚಿಕೆಯಾಗಲೆಂಬುದು ನನ್ನ ಉದ್ದೇಶವಾಗಿತ್ತು. ಕೇಳಿದವರಿಗೆ ಅದರಲ್ಲಿ ನಾಟಿದ್ದು ಮೇಡಂ ಕೆಮ್ಮಲಿಲ್ಲವೆಂಬ ಒಂದೇ ಮಾತು. ಇಂದು ಬೆಳಿಗ್ಗೆ ನಾನು ಕದ ತೆಗೆಯುವಾಗ ಅವರೆಲ್ಲ ಮಕ್ಕಳಿಗೆ ಮಫ್ಲರ್ ಸುತ್ತಿ ಕರೆದುಕೊಂಡು, ಪಾತ್ರೆ ಹಿಡಿದು, ತಾವು ಒಳಗೆ ಬರಲೆಂದು ನಮ್ಮ ಗೇಟನ್ನು ಅಗಲವಾಗಿ ತೆರೆದು ನಿಂತಿದ್ದರು. "ಇಲ್ಲಿ ಗಾರೆ ಹಾಕಿದ್ರೆ ಮಕ್ಕಳ ಕೆಮ್ಮಿಗೆ ಏನಪ್ಪಾ ಗತಿ?" ಎಂದು ಗೌರೀಶಂಕರನನ್ನು ಸುತ್ತುಗಟ್ಟಿದರು. ಪೇರಿಸಿದ್ದ ಸಿಮೆಂಟಿನಲ್ಲಿ ಅವನು ಅವರ ಕಣ್ಣೆದುರೇ, ನನ್ನ ಒಂದೆಲಗ ಹಬ್ಬಿದ್ದ ಜಾಗದಲ್ಲೇ, ತಮಗೆ ಕಲಗಚ್ಚು ಕುಡಿಯಲು ಒಂದು ತೊಟ್ಟಿ ಕಟ್ಟಿಕೊಟ್ಟ. ನೆಲ ನನಗೆ ಉಳಿಯಿತು, ತೋಟ ತಮ್ಮದಾಯಿತು.

ಈ ಪತ್ರವನ್ನು ಮೈದಾ ಅಂಟು ಹಚ್ಚಿ ಆ ತೊಟ್ಟಿಯ ಮೇಲಿನ ಗೋಡೆಗೇ ಅಂಟಿಸಿದ್ದೇನೆ. ತಿನ್ನಲು ನನ್ನ ಅಭ್ಯಂತರವಿಲ್ಲ. ದೊಡ್ಡಪತ್ರೆಗಿಂತ ಮೊದಲು ತಿನ್ನಬೇಕೆಂಬುದಷ್ಟೇ ನನ್ನ ಪ್ರಾರ್ಥನೆ.