ಮೂಗು ಮುರಿದಿದೆ ಎಂದು ಹೇಳುತ್ತಾರೆ

ಮುರಿದ ಮೂಗು ನೆಟ್ಟಗಾದರೂ ಆದೀತು, ಅದು ಮುರಿದ ಕಥೆ ಮಾತ್ರ ನೆಟ್ಟಗಿರುವುದಿಲ್ಲ. ಶಹಾಪುರದ ಒಂದು ಸಣ್ಣ ದವಾಖಾನೆಯ ಕಿಟಕಿಯೊಳಗೆ ಕೂತು ಕೇಸ್ ಪೇಪರ್ ಬರೆಯುವ ನನಗೆ ಇಂಥವು ಬರುತ್ತಲೇ ಇರುತ್ತವೆ. ಹೇಗೆ ಮುರಿಯಿತು ಎಂದು ಕೇಳಿ ಬರೆದು, ಅದಕ್ಕೆ ತಕ್ಕ ಕೋಡ್ ಹಾಕಬೇಕು. ಬಿದ್ದರೆ ಒಂದು, ಹೊಡೆದಿದ್ದರೆ ಒಂದು, ದನ ಹಾಯ್ದಿದ್ದರೆ ಮತ್ತೊಂದು. ನಾನು ವಿಭೂತಿ ಹಚ್ಚಿ, ರಿಜಿಸ್ಟರ್ ಕಣ್ಣಿಗೊತ್ತಿಕೊಂಡು ಕೂಡುವವನು. ಅದರಲ್ಲಿ ನನ್ನ ಕೈಯಿಂದ ಒಂದು ಸುಳ್ಳೂ ಬೀಳಬಾರದು. ಜನರನ್ನು ನಂಬುವ ಹಾಗಿಲ್ಲ. ಅದಕ್ಕೇ ಎಲ್ಲರ ಮಾತಿನ ತುದಿಗೂ ‘ಎಂದು ಹೇಳುತ್ತಾರೆ’ ಅಂತ ಸೇರಿಸುತ್ತೇನೆ. ಸುಳ್ಳಿದ್ದರೆ ಪಾಪ ಅವರಿಗೆ.

ಬಿದ್ದವರು

ಹುಣಸಗಿ ಕಡೆಯ ಅಣ್ಣತಮ್ಮ ಬಂದರು. ಇಬ್ಬರ ಮೂಗೂ ಬದನೆಕಾಯಿ.

“ಹ್ಯಾಂಗ ಆತು?”

“ಬಿದ್ದೀವ್ರಿ,” ಎಂದ ಅಣ್ಣ.

“ಇಬ್ಬರೂ?”

“ಮೊದಲು ಇವ ಬಿದ್ದ, ಆಮ್ಯಾಲ ನಾ ಬಿದ್ದೆ.”

“ಸುಳ್ರಿ,” ಎಂದ ತಮ್ಮ. “ಮೊದಲು ಬಿದ್ದಾಂವ ಅವ.”

ನನ್ನ ಸಂಶಯ ಬಲಿಯಿತು. ಎಕ್ಸ್‌ರೇ ಬಂದ ಮೇಲೆ ಅಣ್ಣ ಕಿಟಕಿಗೆ ಬಾಗಿ ಮೆಲ್ಲಗೆ ಕೇಳಿದ, “ಸರ, ಯಾರದು ಹೆಚ್ಚಿಗಿ ಮುರದದ?” ಎರಡೂ ಒಂದೇ ಅಳತೆ ಎಂದೆ. ಅಣ್ಣ ತಮ್ಮನ ಮುಖ ನೋಡಿದ. ತಮ್ಮ ತಲೆಯಾಡಿಸಿದ.

“ಹಂಗಾರ ಸಮ ಆತು. ಬಿದ್ದೀವಿ ಅಂತನೇ ಬರ್ಕೋರಿ.”

ಪುಂಡಿಪಲ್ಯ

ರಂಗಂಪೇಟೆಯಿಂದ ಒಬ್ಬ ಅಜ್ಜಿ, ಮೂಗಿಗೆ ಸೆರಗು ಹಿಡಿದು ಬಂದಳು.

“ಏನಾಗ್ಯದವ್ವಾ?”

“ಏನ್ ಹೇಳ್ಲೆಪ್ಪಾ, ಸೊಸಿ ಮೂಗು ಮುರದಾಳ.”

ಅಂತೂ ಖರೇ ಹೇಳುವ ಒಬ್ಬಳು ಸಿಕ್ಕಳು ಎನಿಸಿತು. ‘ಹೊಡೆತ’ ಎಂದು ಬರೆದೆ. “ಯಾತರಿಂದ?”

“ನಾ ಮಾಡಿದ ಪುಂಡಿಪಲ್ಯಾದಿಂದ.”

ಅದನ್ನೂ ಬರೆದೆ. ಡಾಕ್ಟರು ಸೆರಗು ಸರಿಸಿ ನೋಡಿದರೆ ಮೂಗು ನೆಟ್ಟಗಿದೆ, ಬರೀ ನೆಗಡಿ.

“ನನ್ನ ಮೂಗಲ್ಲೋ ಯಪ್ಪಾ,” ಎಂದಳು ಅಜ್ಜಿ. “ಆಕಿ, ಉಣ್ಣೂ ಮುಂದ, ನನ್ನ ಪಲ್ಯಾಕ್ಕ ಮೂಗು ಮುರದಾಳ.”

ಡಾಕ್ಟರು ಚೀಟಿ ನನ್ನ ಕಡೆ ತಳ್ಳಿದರು. “ಇದಕ್ಕ ಕೋಡ್ ಇಲ್ಲ. ಇದ್ದಿದ್ರ ನನ್ನ ಮನಿಯಾಗ ದಿನಾ ಎರಡು ಹೊತ್ತು ಹಾಕಬೇಕಾಗ್ತಿತ್ತು.”

ಹೋರಿ

ಒಂದು ಸೋಮವಾರ ಶಿರವಾಳದ ಹಳೆ ಗುಡಿಗೆ ಹೋಗಿದ್ದೆ. ಹೊಸ ಚಪ್ಪಲಿ ಹೊರಗೆ ಬಿಟ್ಟಿದ್ದೆ. ಅವುಗಳ ಹತ್ತಿರ ಒಬ್ಬ ಸುಮ್ಮನೆ ನಿಂತಿದ್ದ. ಅವನ ನಿಲುವೇ ಸರಿ ಕಾಣಲಿಲ್ಲ. ನಂದಿಯ ಕೊಂಬಿನ ನಡುವಿಂದ ಲಿಂಗದರ್ಶನ ಮಾಡಲು ಬಾಗಿದೆ. ಒಂದು ಕಣ್ಣು ಶಿವನ ಮೇಲೆ, ಇನ್ನೊಂದು ಚಪ್ಪಲಿಯ ಮೇಲೆ. ಕಲ್ಲಿನ ಕೊಂಬು ಮೂಗಿಗೆ ಬಡಿಯಿತು. ನನ್ನನ್ನು ಗಾಡಿ ಮೇಲೆ ಕೂರಿಸಿಕೊಂಡು ದವಾಖಾನೆಗೆ ತಂದವನು ಅವನೇ. ಚಪ್ಪಲಿಯನ್ನೂ ಮರೆಯದೆ ತಂದಿದ್ದ.

ನನ್ನ ಕುರ್ಚಿಯಲ್ಲಿ ಸಿಸ್ಟರ್ ಕೂತಿದ್ದರು.

“ಹ್ಯಾಂಗ ಆತ್ರಿ?”

“ನಂದಿಗೆ ಕೈ ಮುಗಿಯೂ ಮುಂದ ಕೊಂಬು ಬಡೀತು.”

“ಖರೇ ಹೇಳ್ರಿ. ಮನಿಯಾಗ ಏನಾರ ಜಗಳ?” ನನ್ನದೇ ಧಾಟಿ. ಆಮೇಲೆ, “ಹಂಗಾರ ‘ಕಲ್ಲು ಬಡಿದು’ ಅಂತ ಹಾಕ್ಲಿ?”

“ನಂದೀಶ್ವರಗ ಕಲ್ಲು ಅಂತೀರೇನವ್ವಾ?”

“ಮತ್ತ, ಹೋರಿ ಹಾಯ್ದದ್ದು?”

ಯೋಚಿಸಿದೆ. ನಂದಿ ಹೋರಿಯೇ. ತಾಗಿದ್ದು ಕೊಂಬೇ. ಸುಳ್ಳಿಲ್ಲ. ಹೂಂ ಎಂದೆ. ಆಕೆ ಅದರ ಮುಂದೆ ‘ಎಂದು ಹೇಳುತ್ತಾರೆ’ ಅಂತ ಸೇರಿಸಿದರು. ಮೂಗಿಗಿಂತ ಅದೇ ಹೆಚ್ಚು ನೋಯಿತು.

ನಾಲ್ಕು ದಿನಕ್ಕೆ ಯಾದಗಿರಿಯಿಂದ ಫೋನು, ನಮ್ಮ ಕೇಸ್ ಪೇಪರ್ ತಪಾಸು ಮಾಡುವ ಜಿಲ್ಲಾ ಆಫೀಸಿನವರದು. ದನಿಯಲ್ಲೇ ಸಂಶಯ.

“ಆ ಹೋರಿ ಯಾರದ್ರಿ?”

ರಿಜಿಸ್ಟರ್ ಮುಂದೆಯೇ ಇತ್ತು. ಸುಳ್ಳು ಹೇಳುವ ಹಾಗಿಲ್ಲ.

“ಶಿವಂದ್ರಿ.”

“ಯಾವೂರಾಂವ?”

“ಎಲ್ಲಾ ಕಡಿ ಇರ್ತಾನ್ರಿ.”

“ಹೋರಿ ಕಟ್ಟ್ಯಾನೋ, ಬಿಟ್ಟಾನೋ?”

“ಬಿಟ್ಟಾನ್ರಿ. ಆದ್ರ ಕುಂತಲ್ಲೇ ಕುಂತದ.”

“ಮೇಯಾಕೂ ಏಳೂದಿಲ್ಲ?”

“ನಮ್ಮ ಮುತ್ಯಾನ ಕಾಲದಿಂದ ಎದ್ದಿಲ್ರಿ.”

ಆ ಕಡೆ ಪೆನ್ನು ಓಡಿದ ಸಪ್ಪಳ.

“ಏನ್ ಬರದ್ರಿ, ಸಾಹೇಬ್ರ?” ಎಂದೆ.

“‘ಎಂದು ಹೇಳುತ್ತಾರೆ.’”