ರವಾನೆಯಾದ ಶಟಲ್ ವಾಪಸ್ ಬಂದಿರುವ ಬಗ್ಗೆ

ಅಧೀಕ್ಷಕರ ಕಚೇರಿ
ಸಂಖ್ಯೆ: ಅಧೀ/ಆಟ/ಶಟಲ್-ವಾಪಸ್/೧
ದಿನಾಂಕ: ಗುರುವಾರ, ಬೆಳಿಗ್ಗೆ, ಮೊಣಕಾಲು ನೋವಿನ ನಡುವೆ

ಸುತ್ತೋಲೆ

ವಿಷಯ: ಕಚೇರಿಯ ಹಿಂಬದಿ ಅಂಗಳದಲ್ಲಿ ಬ್ಯಾಡ್ಮಿಂಟನ್ ಆಡುವ ಮೂಲ ನಿಯಮಗಳು, ಹಾಗೂ ಅಧೀಕ್ಷಕರು ಹೊಡೆದ ಶಟಲ್ಲನ್ನು ಬೆರಳಚ್ಚುಗಾರ್ತಿಯವರು ತಿರುಗಿ ಹೊಡೆದಿರುವುದು.

ಉಲ್ಲೇಖ:
(೧) ಹನ್ನೊಂದು ವರ್ಷಗಳಿಂದ ನಡೆದುಕೊಂಡು ಬಂದ ಪದ್ಧತಿ (ಲಿಖಿತದಲ್ಲಿಲ್ಲ).
(೨) ರವಾನೆ ಗುಮಾಸ್ತರ ಪ್ರತ್ಯಕ್ಷದರ್ಶಿ ವರದಿ, ಬುಧವಾರ ಸಂಜೆ.
(೩) ಬೆರಳಚ್ಚುಗಾರ್ತಿಯವರ ಕ್ಷಮಾಪಣೆ ಪತ್ರ, ಅದೇ ಸಂಜೆ, ಆಟ ಮುಗಿದ ಹತ್ತೇ ನಿಮಿಷಕ್ಕೆ.

ಪ್ರಸ್ತಾವನೆ:

ಈ ಕಚೇರಿಯ ಅಧೀಕ್ಷಕರು (ಇನ್ನು ಮುಂದೆ ‘ಸಹಿದಾರರು’) ಹನ್ನೊಂದು ವರ್ಷಗಳಿಂದ ಪ್ರತಿ ಬುಧವಾರ ಸಂಜೆ ಐದೂವರೆಗೆ ಬ್ಯಾಡ್ಮಿಂಟನ್ ಆಡುತ್ತ ಬಂದಿರುತ್ತಾರೆ. ಈ ಅವಧಿಯಲ್ಲಿ ಒಂದೇ ಒಂದು ಆಟವನ್ನೂ ಸೋತಿರುವುದಿಲ್ಲ. ಆಟದ ಕ್ರಮ ಹೀಗಿರುತ್ತದೆ. ಸಹಿದಾರರು ಶಟಲ್ ಹೊಡೆಯತಕ್ಕದ್ದು. ಎದುರು ನಿಂತವರು ಅದು ನೆಲಕ್ಕೆ ಬೀಳುವುದನ್ನು ಕೈಕಟ್ಟಿ ನೋಡತಕ್ಕದ್ದು. ಸುತ್ತ ನಿಂತವರು ‘ಆಹಾ’ ಎನ್ನತಕ್ಕದ್ದು. ದಫೇದಾರರು ಶಟಲ್ ಹೆಕ್ಕಿ, ಧೂಳು ಒರೆಸಿ, ಸಹಿದಾರರ ಕೈಗೆ ತಲುಪಿಸತಕ್ಕದ್ದು. ಹೀಗೆ ಇಪ್ಪತ್ತೊಂದು ಸಲ ಆದ ಮೇಲೆ ಎಲ್ಲರೂ ಚಹಾ ಕುಡಿದು ಮನೆಗೆ ಹೋಗತಕ್ಕದ್ದು. ಬ್ಯಾಡ್ಮಿಂಟನ್ ಎಂದರೆ ಇಷ್ಟೇ ಎಂದು ಸಹಿದಾರರು ಮನಸಾರೆ ನಂಬಿಕೊಂಡಿದ್ದರು. ಅಲ್ಲ ಎಂದು ಹೇಳುವ ಗಂಡೆದೆ ಯಾರಿಗಿತ್ತು?

ಮೂರು ವಾರದ ಹಿಂದೆ ಬೇರೆ ಶಾಖೆಯಿಂದ ವರ್ಗವಾಗಿ ಬಂದ ಬೆರಳಚ್ಚುಗಾರ್ತಿಯವರಿಗೆ ಸದರಿ ಪದ್ಧತಿಯನ್ನು ತಿಳಿಸಿರಲಿಲ್ಲ. ತಿಳಿಸಬೇಕಾಗಿದ್ದ ದಾಖಲೆ ಕೊಠಡಿಯ ಗುಮಾಸ್ತರು (ಕಚೇರಿಯಲ್ಲಿ ‘ನಾಳೆ ನೋಡೋಣ’ ಎಂದೇ ಪರಿಚಿತರು) ನಾಳೆ ತಿಳಿಸುವವರಿದ್ದರು. ನಿನ್ನೆ ಮೊದಲ ಸಲ ಅಂಗಳಕ್ಕೆ ಬಂದ ಬೆರಳಚ್ಚುಗಾರ್ತಿಯವರು ಎದುರು ನಿಂತಿದ್ದರು. ಸಹಿದಾರರು ಎಂದಿನಂತೆ ಹೊಡೆದರು. ಶಟಲ್ ಎಂದಿನಂತೆ ಹೋಯಿತು. ಆಮೇಲೆ ವಾಪಸ್ ಬಂತು.

ಸಹಿದಾರರ ಬಲಗಿವಿಯ ಪಕ್ಕ ಸುಂಯ್ ಎಂದು ಹಾದು ಅದು ಹಿಂದೆ ಬಿತ್ತು. ‘ಆಹಾ’ ಎನ್ನಲು ತೆರೆದಿದ್ದ ಹದಿನಾಲ್ಕು ಬಾಯಿಗಳು ತೆರೆದಂತೆಯೇ ಉಳಿದವು. ಸಹಿದಾರರು ಕಳಿಸಿದ ಯಾವುದೇ ವಸ್ತುವಿಗೆ ತಮ್ಮ ಇಡೀ ಸೇವಾವಧಿಯಲ್ಲಿ ಇಷ್ಟು ಬೇಗ ಉತ್ತರ ಬಂದದ್ದಿಲ್ಲ ಎಂದು ರವಾನೆ ಗುಮಾಸ್ತರು ವರದಿಯಲ್ಲಿ ನಮೂದಿಸಿರುತ್ತಾರೆ. ಅದಾದ ಮೇಲೂ ಆಟ ಮುಂದುವರಿಯಿತು. ಮುಗಿದಾಗ ಸಹಿದಾರರು ಮುಖ ಕೆಂಪಗೆ ಮಾಡಿಕೊಂಡು, ಯಾರೊಂದಿಗೂ ಮಾತನಾಡದೆ, ಕೈ ಬೀಸಿ ಹೊರಟುಹೋದರು. ಸಿಬ್ಬಂದಿ ಬೆರಳಚ್ಚುಗಾರ್ತಿಯವರನ್ನು ಮೂಲೆಗೆ ಕರೆದು, ನಿಮ್ಮ ಕಥೆ ಮುಗಿಯಿತು ತಾಯಿ ಎಂದರು. ಪಾಪ, ಆಕೆ ಅಲ್ಲೇ ಕೂತು, ಇನ್ನು ಜನ್ಮದಲ್ಲಿ ಶಟಲ್ ವಾಪಸ್ ಹೊಡೆಯುವುದಿಲ್ಲ, ಆಟಗಾರರ ಪಟ್ಟಿಯಿಂದ ನನ್ನ ಹೆಸರು ತೆಗೆಯಬೇಕು ಎಂದು ಬರೆದುಕೊಟ್ಟಿರುತ್ತಾರೆ. ಸದರಿ ಪತ್ರವನ್ನು ಒಪ್ಪಬೇಕೇ ಬೇಡವೇ ಎಂಬುದು ತೀರ್ಮಾನವಾಗಬೇಕಿದೆ.

ಮೇಲಿನ ಹಿನ್ನೆಲೆಯಲ್ಲಿ, ಸಹಿದಾರರು ನಿನ್ನೆ ಮನೆಗೆ ಹೋಗುವ ದಾರಿಯಲ್ಲಿ ಆಟದ ನಿಯಮಗಳ ಪುಸ್ತಕವೊಂದನ್ನು ಕೊಂಡು, ಮೊದಲ ಬಾರಿಗೆ ಓದಿ, ದಂಗಾಗಿ, ಈ ಮೂಲಕ ಕೆಳಕಂಡಂತೆ ಸೂಚಿಸಿರುತ್ತಾರೆ:

೧. ಶಟಲ್ಲಿಗೆ ಹದಿನಾರು ಗರಿಗಳಿರತಕ್ಕದ್ದು. ಕಚೇರಿಯ ಶಟಲ್ಲಿಗೆ ಒಂಬತ್ತಿರುತ್ತವೆ. ಉಳಿದ ಏಳು ಕಿವಿ ಕೆರೆದುಕೊಳ್ಳುವ ಸಲುವಾಗಿ ವಿವಿಧ ಶಾಖೆಗಳಲ್ಲಿ ಬಳಕೆಯಲ್ಲಿದ್ದು, ಅವುಗಳನ್ನು ಹಿಂದಿರುಗಿಸುವುದು ಬೇಡ.

೨. ಮೊದಲ ಹೊಡೆತವನ್ನು ಸೊಂಟದಿಂದ ಕೆಳಗೆ ಹೊಡೆಯತಕ್ಕದ್ದು. ಸೊಂಟ ಎಲ್ಲಿದೆ ಎಂಬುದು ಮೇಲ್ನೋಟಕ್ಕೆ ತಿಳಿಯದವರು ಬೆಲ್ಟ್ ಕಟ್ಟಿದ ಜಾಗವನ್ನೇ ಸೊಂಟವೆಂದು ಪರಿಗಣಿಸತಕ್ಕದ್ದು. ಹೊಡೆಯುವ ಮುನ್ನ ಬೆಲ್ಟನ್ನು ಎದೆಯವರೆಗೆ ಏರಿಸಿಕೊಳ್ಳುವುದನ್ನು ನಿಷೇಧಿಸಲಾಗಿದೆ.

೩. ಮೊದಲ ಹೊಡೆತ ಎದುರಿನ ಓರೆ ಚೌಕದಲ್ಲಿ ಬೀಳತಕ್ಕದ್ದು. ಸಹಿದಾರರ ಹೊಡೆತಗಳು ಈವರೆಗೆ ಸೈಕಲ್ ನಿಲ್ದಾಣ, ನೀರಿನ ತೊಟ್ಟಿ ಮತ್ತು ಒಮ್ಮೆ ಸಭೆ ನಡೆಯುತ್ತಿದ್ದ ಕೊಠಡಿಯೊಳಗೆ ಬಿದ್ದಿದ್ದು, ಅವಕ್ಕೂ ಅಂಕ ನೀಡಿರುವುದು ಕಂಡುಬಂದಿದೆ. ಸಭೆಯಲ್ಲಿದ್ದವರೂ ‘ಆಹಾ’ ಎಂದಿರುವುದು ವಿಷಾದನೀಯ.

೪. ಗೆರೆಯ ಮೇಲೆ ಬಿದ್ದ ಶಟಲ್ ಒಳಗೆ ಬಿದ್ದಂತೆ. ಆದರೆ ಶಟಲ್ ಎಲ್ಲಿ ಬಿತ್ತೆಂದು ನೋಡಿಕೊಂಡು, ಆಮೇಲೆ ಅದರಾಚೆ ಗೆರೆ ಎಳೆಯುವ ಪದ್ಧತಿಯನ್ನು ಕೈಬಿಡಲಾಗಿದೆ. ದಫೇದಾರರು ತಮ್ಮ ಜೇಬಿನಲ್ಲಿರುವ ಸೀಮೆಸುಣ್ಣವನ್ನು ಆಟ ಆರಂಭವಾಗುವ ಮುನ್ನವೇ ಒಪ್ಪಿಸತಕ್ಕದ್ದು.

೫. ನೆಟ್ಟಿನ ಎತ್ತರ ನಡುವೆ ಐದು ಅಡಿ. ಅದನ್ನು ಸಹಿದಾರರ ಕಡೆಯಿಂದ ತಗ್ಗಿಸಿ ಎದುರಿನವರ ಕಡೆಯಿಂದ ಏರಿಸಲು ಸಾಧ್ಯವಿಲ್ಲವೆಂದು ಕಟ್ಟಡ ಶಾಖೆಯವರು, ಎರಡು ಸಲ ಪ್ರಯತ್ನಿಸಿದ ನಂತರ, ವರದಿ ಮಾಡಿರುತ್ತಾರೆ.

೬. ಒಂದು ಬದಿಯವರು ಶಟಲ್ಲನ್ನು ಒಂದೇ ಸಲ ಹೊಡೆಯತಕ್ಕದ್ದು. ಅದು ತಪ್ಪಿದಲ್ಲಿ ಜ್ಞಾಪನ ಹೊಡೆತ, ಅಂತಿಮ ಜ್ಞಾಪನ ಹೊಡೆತ ಇತ್ಯಾದಿಗಳಿಗೆ ಅವಕಾಶವಿರುವುದಿಲ್ಲ.

೭. ಸಹಿದಾರರು ಗಾಳಿಗೆ ಬ್ಯಾಟು ಬೀಸಿ ಗಿರಕಿ ಹೊಡೆದಾಗ ನಗು ಬಂದರೆ ಸೀನು ಬಂದಂತೆ ನಟಿಸತಕ್ಕದ್ದಲ್ಲ. ನಿನ್ನೆ ಏಕಕಾಲಕ್ಕೆ ಒಂಬತ್ತು ಮಂದಿ ಸೀನಿರುತ್ತಾರೆ. ಇನ್ನು ಮುಂದೆ ನಗತಕ್ಕದ್ದು. ಹೊಟ್ಟೆ ಹಿಡಿದುಕೊಂಡು ನಗಲು ಇಚ್ಛಿಸುವವರಿಗೆ ಮರದ ಬೆಂಚು ಒದಗಿಸಲಾಗುವುದು.

೮. ಈಗ ಮುಖ್ಯ ವಿಷಯ. ಶಟಲ್ ವಾಪಸ್ ಹೊಡೆಯಬಹುದೇ? ಪುಸ್ತಕದ ಪ್ರಕಾರ ಹೊಡೆಯಬಹುದು. ಅಷ್ಟೇ ಅಲ್ಲ, ಆಟ ಎಂದರೆ ಅದೇ ಎಂದು ತಿಳಿದುಬಂದಿದೆ.

೮(ಅ). ವರದಿಯ ಪ್ರಕಾರ, ಮೊದಲ ಶಟಲ್ ವಾಪಸ್ ಬಂದಾಗ ಸಹಿದಾರರು ಕಣ್ಣು ಕಣ್ಣು ಬಿಡುತ್ತ ನಿಂತಿದ್ದು, ಬೆರಳಚ್ಚುಗಾರ್ತಿಯವರು ಈ ಕೆಳಗಿನಂತೆ ನುಡಿದಿರುತ್ತಾರೆ: “ಸರ್, ಹಾಗೆ ನಿಂತು ನೋಡ್ತಿದ್ರೆ ಹೇಗೆ? ಓಡಿಬಂದು ಹೊಡೀಬೇಕು.” ಹನ್ನೊಂದು ವರ್ಷಗಳಲ್ಲಿ ಸಹಿದಾರರಿಗೆ ಓಡಲು ಹೇಳಿದ ಮೊದಲ ಸಿಬ್ಬಂದಿ ಇವರೇ ಆಗಿರುತ್ತಾರೆ. ಸಹಿದಾರರು ಶಟಲ್ಲನ್ನು ತಾವೇ ಬಗ್ಗಿ ಹೆಕ್ಕಿಕೊಂಡು, “ಇನ್ನೊಂದ್ಸಲ ಹಾಕ್ತೀನಿ. ಹೀಗೇ ವಾಪಸ್ ಕಳಿಸಿ” ಎಂದಿರುತ್ತಾರೆ. ಇದು ಸಿಟ್ಟಿನ ಮಾತೆಂದು ಸಿಬ್ಬಂದಿ ತಿಳಿದದ್ದು ತಪ್ಪು.

೮(ಆ). ಆಮೇಲೆ ಸಹಿದಾರರು ಓಡಿದರು. ಎದ್ದೆನೋ ಬಿದ್ದೆನೋ ಎಂದು ಓಡಿದರು. ಚಪ್ಪಲಿ ಒಂದು ಕಡೆ, ಕನ್ನಡಕ ಒಂದು ಕಡೆ. ಆಕೆಗೆ ಇಪ್ಪತ್ತೊಂದು, ತಮಗೆ ಒಂದೇ ಒಂದು ಅಂಕವಾಗಿ ಸೋತರು. ಆ ಒಂದು ಅಂಕ ಬಂದಾಗ ಶಟಲ್ ನೆಟ್ಟಿನ ಮೇಲೆ ಏಳು ಸಲ ಅತ್ತಿಂದಿತ್ತ ಹೋಗಿ ಬಂದಿತ್ತು, ಕೊನೆಗೆ ಆಕೆಯ ಕೈಗೂ ಸಿಗದೆ ಬಿತ್ತು. ಅದನ್ನು ಯಾರೂ ಬಿಟ್ಟುಕೊಟ್ಟದ್ದಲ್ಲ. ಸಹಿದಾರರಿಗೆ ಅಂಥ ಖುಷಿ ಈ ಕಚೇರಿಯಲ್ಲಿ ಹಿಂದೆಂದೂ ಆಗಿರಲಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಯಾರೊಂದಿಗೂ ಮಾತನಾಡದೆ ಹೋದದ್ದು ಕೋಪದಿಂದಲ್ಲ, ಉಸಿರು ಸಿಗದೆ.

೯. ಹಿಂದಿನ ಹನ್ನೊಂದು ವರ್ಷಗಳ ಎಲ್ಲ ಗೆಲುವುಗಳನ್ನು ಪೂರ್ವಾನ್ವಯವಾಗುವಂತೆ ರದ್ದುಪಡಿಸಲಾಗಿದೆ. ಆ ಅವಧಿಯಲ್ಲಿ ಕೈಕಟ್ಟಿ ನಿಂತು ಸೋತವರೆಲ್ಲ ಸರದಿಯಂತೆ ಬಂದು ಸಹಿದಾರರನ್ನು ನಿಜವಾಗಿ ಸೋಲಿಸಬಹುದು. ‘ನಾಳೆ ನೋಡೋಣ’ ಅವರು ಇವತ್ತೇ ಬರತಕ್ಕದ್ದು.

೧೦. ಉಲ್ಲೇಖ (೩)ರ ಕ್ಷಮಾಪಣೆ ಪತ್ರವನ್ನು ತಿರಸ್ಕರಿಸಲಾಗಿದೆ. ಬೆರಳಚ್ಚುಗಾರ್ತಿಯವರು ಬರುವ ಬುಧವಾರ ಐದೂವರೆಗೆ ಹಾಜರಾಗಿ, ಸಹಿದಾರರ ಹುದ್ದೆ, ವಯಸ್ಸು ಹಾಗೂ ಏದುಸಿರನ್ನು ಲೆಕ್ಕಿಸದೆ ಶಟಲ್ ವಾಪಸ್ ಹೊಡೆಯಬೇಕೆಂದು ಕೋರಲಾಗಿದೆ. ‘ಸೂಚಿಸಲಾಗಿದೆ’ ಎಂದು ಬರೆದಿದ್ದುದನ್ನು ಸಹಿದಾರರೇ ಹೊಡೆದುಹಾಕಿರುತ್ತಾರೆ. ಬರುವುದು ಬಿಡುವುದು ಆಕೆಯ ಇಷ್ಟ. ಬಾರದಿದ್ದರೆ ಸಹಿದಾರರಿಗೆ ತುಂಬ ಬೇಸರವಾಗುತ್ತದೆ. ಇದನ್ನು ಎದುರಿಗೆ ಹೇಳಲು ಅವರಿಗೆ ಬರುವುದಿಲ್ಲ, ಸುತ್ತೋಲೆಯಲ್ಲಷ್ಟೇ ಬರುತ್ತದೆ. ಇದನ್ನು ಬೆರಳಚ್ಚು ಮಾಡಬೇಕಾದವರು ಆಕೆಯೇ ಆದ್ದರಿಂದ, ಎಲ್ಲರಿಗಿಂತ ಮೊದಲು ಆಕೆಯೇ ಓದುತ್ತಾರೆಂಬ ಭರವಸೆಯಿದೆ.

ಸಹಿ/-
ಅಧೀಕ್ಷಕರು
(ಬುಧವಾರ ಐದೂವರೆಯ ನಂತರ: ಎದುರಾಳಿ)

ಪ್ರತಿಗಳು:
೧. ಎಲ್ಲ ಶಾಖೆಗಳಿಗೆ – ಓದಿ, ಮುಖ ಮುಖ ನೋಡಿಕೊಳ್ಳದೆ, ಪಾಲಿಸಲು.
೨. ಕಟ್ಟಡ ಶಾಖೆಗೆ – ನೆಟ್ಟನ್ನು ನೆಟ್ಟಗೆ ಕಟ್ಟಲು.
೩. ಬೆರಳಚ್ಚುಗಾರ್ತಿಯವರಿಗೆ – ಪ್ರತ್ಯೇಕ ಪ್ರತಿ ಬೇಕಿಲ್ಲ. ಅವರ ಕೈಯಲ್ಲೇ ಇದೆ.
೪. ಸಹಿದಾರರ ಮನೆಯವರಿಗೆ – ಇನ್ನು ಮುಂದೆ ಬುಧವಾರಗಳಂದು ಸ್ನಾನಕ್ಕೆ ಬಿಸಿನೀರು ಕಾಯಿಸಿಡಲು. ಸೋತು ಬಂದ ಮನುಷ್ಯ ಬಾಗಿಲಲ್ಲೇ ನಗುತ್ತ ನಿಂತಿದ್ದರೆ ಗಾಬರಿಯಾಗದಿರಲು.