ಆಫ್ರಿಕಾಕ್ಕೆ ನಾಳೆ ಸ್ವಾತಂತ್ರ್ಯ

ನಮ್ಮ ದೊಡ್ಡಪ್ಪ ಇಡೀ ಆಫ್ರಿಕಾ ಖಂಡವನ್ನು ಇಪ್ಪತ್ತೆಂಟು ವರ್ಷ ಗುಲಾಮಗಿರಿಯಲ್ಲಿ ಇಟ್ಟಿದ್ದರು ಎಂದರೆ ನೀವು ನಂಬುತ್ತೀರಾ? ಬ್ರಿಟಿಷರು, ಫ್ರೆಂಚರು, ಪೋರ್ಚುಗೀಸರು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೂ ಇವರು ಮಾತ್ರ ಬಿಟ್ಟಿರಲಿಲ್ಲ! ಅದೂ ಹೊಸಪೇಟೆಯ ಒಂದು ಹೈಸ್ಕೂಲಿನಲ್ಲಿ ಕುಳಿತುಕೊಂಡೇ!

ಆದದ್ದು ಇಷ್ಟೇ. ದೊಡ್ಡಪ್ಪ ಹತ್ತನೇ ತರಗತಿಗೆ ಇತಿಹಾಸದ ಮೇಷ್ಟ್ರು. ಏಷ್ಯಾ, ಆಫ್ರಿಕಾ ದೇಶಗಳಿಗೆ ಬಿಡುಗಡೆ ಸಿಕ್ಕ ಕಥೆ ಪುಸ್ತಕದ ಕಟ್ಟಕಡೆಯ ಪಾಠ. ಇವರೋ ದಂಡಿ ಯಾತ್ರೆಯನ್ನೇ ಎರಡು ತಿಂಗಳು ನಡೆಸುತ್ತಿದ್ದರು. ನಿಜವಾದ ಯಾತ್ರೆಯೇ ಅಷ್ಟು ದಿನ ಹಿಡಿದಿರಲಿಲ್ಲ! ಭಾರತಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿಗೆ ಪರೀಕ್ಷೆ ಬಾಗಿಲಿಗೆ ಬಂದಿರುತ್ತಿತ್ತು. “ಉಳದದ್ದು ನೀವ ಓದ್ಕೋರಿ, ಪರೀಕ್ಷಾಕ್ಕ ಬರಂಗಿಲ್ಲ” ಎನ್ನುತ್ತಿದ್ದರು. ಯಾವ ಮಕ್ಕಳು ಬೇಡ ಅಂತಾರೆ ಹೇಳಿ?

ನಮ್ಮ ಬ್ಯಾಚಿನಲ್ಲಿ ಮಾತ್ರ ಒಬ್ಬಳು ಎದ್ದು ನಿಂತಳು. ಹಾಜರಿ ನಂಬರ್ ನಲವತ್ತೊಂದು. “ಸಾರ್, ನಮಗ ಸಿಕ್ತು. ಆಫ್ರಿಕಾದವ್ರಿಗೆ ಏನಾತ್ರಿ?” ಅಷ್ಟರಲ್ಲಿ ಬೆಲ್ ಹೊಡೆಯಿತು. “ನಾಳಿ ಹೇಳ್ತೀನಿ ಕುಂದ್ರವ್ವ” ಎಂದರು ದೊಡ್ಡಪ್ಪ. ಮರುದಿನ ಅವಳು ಬರಲಿಲ್ಲ. ಅವಳಪ್ಪನಿಗೆ ಸಂಡೂರಿನ ಗಣಿಯಲ್ಲಿ ಕೆಲಸ ಸಿಕ್ಕಿ, ಮನೆಮಂದಿಯೆಲ್ಲ ಬೆಳಗಿನ ಬಸ್ಸಿಗೇ ಹೊರಟುಹೋಗಿದ್ದರು. ಪರೀಕ್ಷೆಗೂ ಬರಲಿಲ್ಲ. ಆ ಒಂದು ‘ನಾಳಿ’ ಜಾಲಿಮುಳ್ಳಿನ ಹಾಗೆ ದೊಡ್ಡಪ್ಪನೊಳಗೆ ಮುರಿದುಕೊಂಡು ಕುಳಿತುಬಿಟ್ಟಿತು.

ನಿವೃತ್ತರಾದದ್ದೇ ತಡ, ನಮ್ಮ ಬ್ಯಾಚಿನವರ ಹೆಸರುಗಳನ್ನೆಲ್ಲ ಬರೆದುಕೊಂಡು, ಆಫ್ರಿಕಾದ ಹಳೆಯ ಬಟ್ಟೆ ನಕ್ಷೆಯನ್ನು ಕೋಲಿಗೆ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಹೊರಟರು. ಒಬ್ಬೊಬ್ಬರನ್ನೇ ಹಿಡಿದು ಕೊನೆಯ ಪಾಠ ಮುಗಿಸುವುದು! ಹೀಗೆ ಹಿಡಿಯುತ್ತ ಹೋದರೆ ನಲವತ್ತೊಂದನೇ ನಂಬರಿನವಳೂ ಸಿಕ್ಕೇ ಸಿಗುತ್ತಾಳೆ ಎಂಬುದು ಅವರ ಲೆಕ್ಕಾಚಾರ. ಮೊದಲ ಬಲಿ ನಾನೇ. ಆಮೇಲೆ ಅವರ ಸ್ಕೂಟರ್ ಸಾರಥಿಯೂ ನಾನೇ. ದಾರಿಯುದ್ದಕ್ಕೂ ದಕ್ಷಿಣ ಆಫ್ರಿಕಾ ನನ್ನ ಪಕ್ಕೆಗೆ ತಿವಿಯುತ್ತಿತ್ತು. ಬಜಾರಿನಲ್ಲಿ ಆ ನಕ್ಷೆ ಕಂಡರೆ ಸಾಕು, ತಲೆ ನರೆತ ನನ್ನ ಸಹಪಾಠಿಗಳು ತರಕಾರಿ ಚೀಲ ಬಿಟ್ಟು ಓಟ ಕೀಳುತ್ತಿದ್ದರು!

ಹಂಪಿಯಲ್ಲಿ ಹರಿಗೋಲು ನಡೆಸುವ ಹದಿನೇಳನೇ ನಂಬರಿನವನು ಎಲ್ಲಿಗೆ ಓಡಿಯಾನು? ದೊಡ್ಡಪ್ಪ ನಡುಹೊಳೆ ಬರುವ ತನಕ ಸುಮ್ಮನಿದ್ದು, ಆಮೇಲೆ ಶುರು ಮಾಡಿದರು. “ಈ ಬಂಡಿ ಕಡಿ ಡಚ್ಚರು, ಆ ಬಂಡಿ ಕಡಿ ಇಂಡೋನೇಷ್ಯಾದವ್ರು. ತಿಳೀತೇನಲೇ?” ಹರಿಗೋಲಿನಲ್ಲಿ ಕನ್ನಡ ಬಾರದ ಇಬ್ಬರು ಪ್ರವಾಸಿಗರಿದ್ದರು. ಇವರು ಕೈ ತೋರಿಸಿದ ಬಂಡೆಗಳನ್ನೆಲ್ಲ ಭಕ್ತಿಯಿಂದ ಫೋಟೋ ಹೊಡೆದುಕೊಂಡರು. ಪಾಪ, ಅವರ ಊರಿನಲ್ಲಿ ಈಗ ಯಾರು ಯಾರಿಗೆ ಏನು ಹೇಳುತ್ತಿದ್ದಾರೋ!

ಕಂಪ್ಲಿಯಲ್ಲಿ ನಡೆದದ್ದು ಇದಕ್ಕಿಂತ ಜೋರು. ಇಪ್ಪತ್ಮೂರನೇ ನಂಬರಿನವನ ಮಗಳ ಮದುವೆ. ದೊಡ್ಡಪ್ಪ ಅಕ್ಷತೆ ಹಿಡಿದುಕೊಂಡು ಮಂಟಪ ಹತ್ತಿದವರು ವಧುವಿನ ಅಪ್ಪನ ಕೈ ಹಿಡಿದು ಘಾನಾ ದೇಶಕ್ಕೆ ನುಗ್ಗಿಯೇಬಿಟ್ಟರು. ಮುಹೂರ್ತ ಮೀರುತ್ತಿತ್ತು. ಪುರೋಹಿತರು ಕಂಗಾಲಾಗಿ ಕೈಮುಗಿದರು: “ಜಲ್ದಿ ಸ್ವಾತಂತ್ರ್ಯ ಕೊಟ್ಟುಬಿಡ್ರಿ ಸಾರ್, ಇಲ್ಲಿ ಈ ಹುಡುಗಂದು ಹೋಗಾಕ ಹತ್ತೈತಿ!”

ಮಂಟಪವೆಲ್ಲ ಗೊಳ್ಳೆಂದಿತು. ದೊಡ್ಡಪ್ಪ ಜಗ್ಗಲಿಲ್ಲ. ಕೊನೆಗೆ ಇಪ್ಪತ್ಮೂರು ತನ್ನ ಬ್ರಹ್ಮಾಸ್ತ್ರ ಬಿಟ್ಟ. “ಸಾರ್, ನಲವತ್ತೊಂದು ಕುರೆಕುಪ್ಪದಾಗ ಐತ್ರಿ! ಮೊನ್ನಿ ಬೀಗರ ಜೋಡಿ ಹೋದಾಗ ನೋಡೀನಿ. ಮಿರ್ಚಿ-ಒಗ್ಗರಣಿ ಅಂಗಡಿ ಇಟ್ಟಾಳ.”

ದೊಡ್ಡಪ್ಪ ಅಕ್ಷತೆಯನ್ನು ಪುರೋಹಿತರ ಕೈಗೇ ಸುರಿದು, ಅರ್ಧ ಬಿಡುಗಡೆಯಾದ ಘಾನಾವನ್ನು ಅಲ್ಲೇ ಬಿಟ್ಟು ಕೆಳಗಿಳಿದರು. ನನಗೆ ಊಟವೂ ಇಲ್ಲ! ಹೋಳಿಗೆಯ ವಾಸನೆ ಹಿಡಿದುಕೊಂಡೇ ಸ್ಕೂಟರ್ ಒದ್ದೆ.

ಕುರೆಕುಪ್ಪದ ಅಂಗಡಿಯ ಮುಂದೆ ಪಾಳಿ ಮುಗಿಸಿ ಬಂದ ಕಾರ್ಖಾನೆಯ ಕೆಲಸಗಾರರು ಮುಕುರಿದ್ದರು. ಬಾಣಲೆಯ ಹಿಂದೆ ಕನ್ನಡಕ ಹಾಕಿಕೊಂಡ ಹೆಂಗಸು. ಹೊಳೆಯಲ್ಲಿ, ಮದುವೆ ಮಂಟಪದಲ್ಲಿ ಬಾಯಿ ಮುಚ್ಚದ ದೊಡ್ಡಪ್ಪ ಇಲ್ಲಿ ನಕ್ಷೆ ಬಿಚ್ಚಿ ಹಿಡಿದರು. “ನಲವತ್ತೊಂದು...” ಎಂದರು, ಅಷ್ಟೇ.

ಅವಳು ನಕ್ಷೆ ನೋಡಿದಳು, ಮೇಷ್ಟ್ರ ಮುಖ ನೋಡಿದಳು. ಬಾಣಲೆಯಲ್ಲಿ ಮಿರ್ಚಿ ಕೆಂಪಾಗುತ್ತಿತ್ತು.

“ಸಾರ್, ನೀವು ನಾಳಿ ಹೇಳ್ತೀನಿ ಅಂದಿದ್ರಿ.”

ದೊಡ್ಡಪ್ಪನ ಕಣ್ಣಿಂದ ಬಳಬಳನೆ ನೀರು ಇಳಿಯಿತು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಇಷ್ಟು ದಿನ ಇದನ್ನೊಂದು ಹುಚ್ಚೆಂದುಕೊಂಡು ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

“ಭಾಳ ತಡಾ ಆತವ್ವ” ಎಂದರು.

“ಆಗ್ಲಿ ಬಿಡ್ರಿ. ಅವ್ರಿಗೆ ಸಿಕ್ತೋ ಇಲ್ರಿ?”

“ಸಿಕ್ತವ್ವ, ಎಲ್ಲಾರಿಗೂ ಸಿಕ್ತು.”

“ಹಂಗಾರ ಹೆಂಗ ಸಿಕ್ತು ಹೇಳ್ರಿ.” ಅವಳು ಒಲೆ ಆರಿಸಿದಳು. ಗೋಡೆಯ ಮೊಳೆಯಲ್ಲಿದ್ದ ತಿಂಡಿಯ ಬೋರ್ಡನ್ನು ಇಳಿಸಿ, ಆಫ್ರಿಕಾವನ್ನು ತೂಗುಹಾಕಿದಳು. ದೊಡ್ಡಪ್ಪ ಕಣ್ಣೊರೆಸಿಕೊಂಡು ಗಂಟಲು ಸರಿಮಾಡಿಕೊಂಡರು.

“ಪಾಠ ಎಲ್ಲಿಗೆ ನಿಂತಿತ್ತವ್ವ?”

“ನಮಗ ಸಿಕ್ತು ಸಾರ್, ಬೆಲ್ ಹೊಡೀತು.”

ಹೊರಗಿನಿಂದ ಯಾರೋ ಕೂಗಿದರು: “ಅಕ್ಕಾ, ಎರಡು ಪ್ಲೇಟ್ ಮಿರ್ಚಿ!”

“ತಡೀರಲೇ, ಕ್ಲಾಸ್ ನಡದೈತಿ!” ಎಂದು ಗದರಿ, ನಲವತ್ತೊಂದನೇ ನಂಬರ್ ಮುಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತುಕೊಂಡಳು.